ಅಕ್ಕನ ಚಾವಡಿಯಲ್ಲಿ ಪಾಸ್ತಾ

ಬೋಳಾರದ ನಮ್ಮ ಮನೆಗೆ ನೀವು ಎಂದಾದರೂ ಬಂದರೆ, ಚಾವಡಿಯ ದೊಡ್ಡ ಕಿಟಕಿಯ ಪರದೆ ಮುಕ್ಕಾಲು ಕಿಟಕಿಯನ್ನಷ್ಟೇ ಮುಚ್ಚಿರುವುದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಂಡೂ ಸುಮ್ಮನಿರುವವರು ಸಭ್ಯರು. ನಮ್ಮ ನೆಂಟರಿಷ್ಟರಲ್ಲಿ ಸಭ್ಯರು ಕಡಿಮೆ. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, "ಎಂತ ಇದು, ಪರದೆಯ ಕೋಲು ಗಿಡ್ಡ ಆಯ್ತಲ್ಲ?" ಎಂದು ಕೇಳಿಬಿಡುತ್ತಾರೆ.

ಕೋಲು ತಾನಾಗಿ ಗಿಡ್ಡವಾದದ್ದಲ್ಲ, ನಾನು ಗಿಡ್ಡ ಮಾಡಿದ್ದು. ಅದರ ಉಳಿದ ಭಾಗ ಗೇಣಿಗಿಂತ ಕಡಿಮೆ ಉದ್ದದ ತುಂಡುಗಳಾಗಿ ಅಡುಗೆಮನೆಯ ಒಂದು ಡಬ್ಬಿಯಲ್ಲಿ ಭದ್ರವಾಗಿದೆ. ಆ ತುಂಡುಗಳಿಗೆ ಹಿಟ್ಟು ಸುತ್ತಿ ನಾವು ತಿಂಡಿ ಕರಿದೆವು. ಹೀಗೆಂದು ನಿಜವನ್ನೇ ಹೇಳಿದರೆ ಬಂದವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಗಾಬರಿಯಿಂದ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು, "ನಾನು ಆ ವಾರ ಇರ್ಲಿಲ್ಲ, ಕುದ್ರೋಳಿಯಲ್ಲಿ ತವರಿನಲ್ಲಿದ್ದೆ" ಎಂದು ಮೊದಲೇ ತಪ್ಪಿಸಿಕೊಳ್ಳುತ್ತಾಳೆ. ಆದ್ದರಿಂದ ಆ ವಾರದ ಚರಿತ್ರೆಯನ್ನು ದಾಖಲಿಸುವ ಹೊಣೆ ನನ್ನ ಮೇಲೆಯೇ ಬಿದ್ದಿದೆ.

ಚರಿತ್ರೆಗೆ ಮೊದಲು ನಮ್ಮ ಮನೆಯ ರಾಜ್ಯಾಂಗವನ್ನು ಸ್ವಲ್ಪ ತಿಳಿಸಬೇಕು. ನಮ್ಮದು ಹೆಣ್ಣಿನ ಕಡೆಯಿಂದ ಸಾಗುವ ಕುಟುಂಬ. ಮನೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ತಾಯಿಯ ಅಣ್ಣನಿಗೋ ತಮ್ಮನಿಗೋ 'ಯಜಮಾನ' ಎಂಬ ಪದವಿ ಸಿಗುತ್ತದೆ. ಸದ್ಯ ಆ ಪದವಿಯನ್ನು ನಾನು ಅಲಂಕರಿಸಿದ್ದೇನೆ. ಕೇಳುವುದಕ್ಕೆ ಗಾಂಭೀರ್ಯವಿದೆ. ಮದುವೆಯ ಕಾಗದದಲ್ಲಿ ನನ್ನ ಹೆಸರು ಮೇಲೆ ಬರುತ್ತದೆ. ದೈವದ ಕೋಲದಲ್ಲಿ ನನ್ನನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಇವೆರಡನ್ನು ಬಿಟ್ಟರೆ ಮನೆ ನನ್ನ ಅಕ್ಕನದು, ಅಡುಗೆಮನೆ ಅಕ್ಕನದು, ಕೊನೆಯ ಮಾತು ಅಕ್ಕನದು. ಬೀದಿಯವರಿಗೆಲ್ಲ ಅವಳು ಸುನಂದಕ್ಕ. ಅವಳಿಗೆ ಎಪ್ಪತ್ತು ದಾಟಿದೆ; ಅವಳು ಹೊಸ್ತಿಲು ದಾಟಿ ಬರುವಾಗ ನಾನು ಈಗಲೂ ಕಾಲು ಮಡಚಿ ಕೂರುತ್ತೇನೆ. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡಕ್ಕೆ ತರುವಾಗ ಅಕ್ಕನ ಮಾತಿನ ಖಾರ ಅರ್ಧ ಇಳಿದುಹೋಗಿದೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅಕ್ಕನಿಗೆ ಒಬ್ಬಳೇ ಮಗಳು, ಅಶ್ವಿನಿ. ಅವಳು ಹಡಗಿನಲ್ಲಿ ಅಡುಗೆ ಮಾಡುವವಳು. ಹಡಗೆಂದರೆ ನಮ್ಮ ಬಂದರಿನ ದಕ್ಕೆಯಲ್ಲಿ ನಿಂತಿರುವಂಥದ್ದಲ್ಲ. ಜನರು ಹಣ ಕೊಟ್ಟು ಸುಮ್ಮನೆ ಸಮುದ್ರ ಸುತ್ತುವ, ಒಳಗೆ ಈಜುಕೊಳವೂ ನಾಟಕಶಾಲೆಯೂ ಇರುವ, ತೇಲುವ ಬಡಾವಣೆ. ಸುತ್ತಲೂ ನೀರಿರುವಾಗ ಒಳಗೊಂದು ಈಜುಕೊಳ ಯಾಕೆ ಎಂಬ ಅಕ್ಕನ ಪ್ರಶ್ನೆಗೆ ಅಶ್ವಿನಿ ಇದುವರೆಗೆ ಸಮರ್ಪಕ ಉತ್ತರ ಕೊಟ್ಟಿಲ್ಲ. ಅಲ್ಲಿ ಅವಳು ಇಟಲಿಯ ಅಡುಗೆಯವರ ಕೈಕೆಳಗೆ ಪಳಗಿ, ಆಮೇಲೆ ಕೆಲವರನ್ನು ತನ್ನ ಕೈಕೆಳಗೆ ಪಳಗಿಸಿದಳಂತೆ. ಯಾರಾದರೂ ಕೇಳಿದರೆ ಅಕ್ಕ ಮಾತ್ರ, "ಮಗಳು ಕಂಪೆನಿಯಲ್ಲಿ" ಎಂದಷ್ಟೇ ಹೇಳಿ ವಿಷಯ ಬದಲಿಸುತ್ತಿದ್ದಳು.

ಈ ಸಲ ರಜೆಗೆ ಬಂದವಳು ನಾಲ್ಕು ದಿನ ಮನೆಯ ಕಂಬಗಳನ್ನೆಲ್ಲ ಅಳೆಯುವವಳ ಹಾಗೆ ನೋಡಿದಳು. ಐದನೆಯ ದಿನ ಹೇಳಿದಳು.

"ಅಮ್ಮ, ನಾನು ಇನ್ನು ಹೋಗುವುದಿಲ್ಲ. ಇಲ್ಲಿಯೇ ಇರ್ತೇನೆ."

ಅಕ್ಕನ ಮುಖ ಅರಳಿತು. ಅರಳಿದ್ದನ್ನು ಯಾರೂ ನೋಡಬಾರದೆಂದು ಅವಳು ತಿರುಗಿ ಒಲೆಯ ಬೆಂಕಿ ಸಣ್ಣ ಮಾಡಿದಳು.

"ಚಾವಡಿಯಲ್ಲಿ ಒಂದು ದೊಡ್ಡ ಮೇಜು ಹಾಕುವುದು. ವಾರಕ್ಕೆ ಎರಡು ಸಂಜೆ. ಎಂಟು ಜನ, ಮೊದಲೇ ಫೋನು ಮಾಡಿ ಬರುವವರು. ನಮ್ಮ ಮೀನು, ಇಟಲಿಯ ಅಡುಗೆ. ಹಣ ತಕ್ಕೊಂಡು."

ಅರಳಿದ್ದು ಅಲ್ಲಿಯೇ ಮುದುಡಿತು.

"ಆಗ್ಲಿಕ್ಕಿಲ್ಲ."

ನಾನು ಯಜಮಾನನ ಗಂಟಲಿನಲ್ಲಿ ನಡುವೆ ಬಂದೆ. "ಅಕ್ಕ, ನಾನೂ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದೆನಲ್ಲ. ಮರ್ಯಾದೆ ಎಂತ ಹೋಯ್ತು?"

"ಅದು ಬೊಂಬಾಯಿ ಮಾರಾಯ. ನಿನ್ನ ಹೋಟೆಲಿನ ಸಾರಿಗೆ ಜನ ಎಂತೆಲ್ಲ ಹೇಳಿದ್ರು ಅಂತ ಇಲ್ಲಿ ಯಾರಿಗೆ ಕೇಳಿದೆ?" ಎಂದು ನನ್ನನ್ನು ಒಂದೇ ಏಟಿಗೆ ಕೂರಿಸಿ, ಮಗಳ ಕಡೆ ತಿರುಗಿದಳು. "ಈ ಚಾವಡಿಯಲ್ಲಿ ಉಂಡವರು ಇದುವರೆಗೆ ಒಬ್ಬರಾದರೂ ಉಪ್ಪು ಕಡಿಮೆ ಅಂದದ್ದು ಉಂಟಾ?"

"ಇಲ್ಲ ಅಮ್ಮ."

"ಹಣ ಕೊಟ್ಟವ ಹೇಳ್ತಾನೆ. ಹೇಳಿಯೇ ಹೇಳ್ತಾನೆ. ನಮ್ಮ ಚಾವಡಿಯಲ್ಲಿ ಕೂತು, ನಮ್ಮ ಊಟಕ್ಕೆ ಹೆಸರಿಡ್ತಾನೆ. ಅದನ್ನು ಕೇಳಿಕೊಂಡು ನಾನು ಒಳಗೆ ಕೂತಿರಬೇಕಾ?"

ಅಕ್ಕ ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಅಡುಗೆ ಕೆಟ್ಟದ್ದೇ ಇಲ್ಲವೆಂದಲ್ಲ; ಕೆಟ್ಟಿದೆ ಎಂದು ಹೇಳುವ ಪದ್ಧತಿ ಇರಲಿಲ್ಲ. ನನ್ನ ಬಾಲ್ಯದಲ್ಲಿ ಒಮ್ಮೆ ಬಂಗುಡೆ ಸಾರಿಗೆ ಅಮ್ಮ ಒಂದು ಸಲ, ದೊಡ್ಡಮ್ಮ ಒಂದು ಸಲ ಉಪ್ಪು ಹಾಕಿಬಿಟ್ಟಿದ್ದರು. ಅತ್ತಾವರದಿಂದ ನೆಂಟರು ಬಂದಿದ್ದರು. ಅವರಲ್ಲಿ ಹಿರಿಯರಾದವರು ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಧ್ಯಾನಸ್ಥರಾದವರಂತೆ ಸ್ವಲ್ಪ ಹೊತ್ತು ಇದ್ದು, "ಭಾರೀ ಲಾಯ್ಕ್ ಆಗಿದೆ" ಎಂದು ತಟ್ಟೆ ಖಾಲಿ ಮಾಡಿದರು. ಆಮೇಲೆ ಹಿತ್ತಲಿಗೆ ಹೋಗಿ ಬಾವಿಯಿಂದ ನೀರು ಸೇದಿ ಸೇದಿ ಕುಡಿದರು. ಅಮ್ಮನಿಗೆ ವಿಷಯ ತಿಳಿದದ್ದು ತಾನು ಉಣ್ಣಲು ಕೂತಾಗ. ಅಂಥ ವೀರರನ್ನು ಕಂಡ ಚಾವಡಿ ಇದು. ಇಲ್ಲಿಗೆ ಫೋನು ಮಾಡಿ ಬಂದು ಕೂತು, ಮೂಗು ಸೊಟ್ಟ ಮಾಡುವ ಗಿರಾಕಿಯನ್ನು ಅಕ್ಕ ಕಲ್ಪಿಸಿಕೊಳ್ಳುವುದಾದರೂ ಹೇಗೆ?

ಅಶ್ವಿನಿ ಜಗಳ ಮಾಡಲಿಲ್ಲ. "ಸೋಮವಾರ ಹಡಗಿನ ಆಫೀಸಿಗೆ ಬರ್ತೇನೋ ಇಲ್ವೋ ಅಂತ ಹೇಳ್ಬೇಕು. ಆದಿತ್ಯವಾರ ಒಂದು ಸಲ ಅಡುಗೆ ಮಾಡಿ ಬಡಿಸ್ತೇನೆ. ನೀನು ಗಿರಾಕಿಯ ಹಾಗೆ ಕೂರು. ಉಂಡ ಮೇಲೂ ಆಗ್ಲಿಕ್ಕಿಲ್ಲ ಅಂದ್ರೆ ಹೊರಡ್ತೇನೆ" ಎಂದಳು. ಅಕ್ಕ ಒಪ್ಪಿದಳು. ಒಪ್ಪಿದ್ದು ಊಟಕ್ಕೆ ಮಾತ್ರ. ಮಗಳು ಉಳಿಯಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂಬುದು ನನಗೆ ಗೊತ್ತಿತ್ತು. ಆದರೆ ಮನೆಯ ಊಟದ ಹೆಸರಿನ ಪ್ರಶ್ನೆ ಬಂದಾಗ ಅಕ್ಕ ತನ್ನ ಆಸೆಯನ್ನೂ ಹೊರಗೆ ನಿಲ್ಲಿಸಿ ಬಾಗಿಲು ಹಾಕಬಲ್ಲಳು.

ಏನೇನು ಮಾಡುತ್ತೀ ಎಂದು ಅಕ್ಕ ಕೇಳಿದಳು. ಸಿಗಡಿ, ಮರುವಾಯಿ ಚಿಪ್ಪು, ಬೊಂಡಾಸ್ ಅಂದರೆ ಸ್ಕ್ವಿಡ್, ಇಷ್ಟನ್ನು ಹಾಕಿದ ಪಾಸ್ತಾ ಎಂದಳು ಅಶ್ವಿನಿ. ಅಕ್ಕ ತಲೆಯಾಡಿಸಿದಳು, ಸಮುದ್ರದ್ದೋ ಹೊಳೆಯದ್ದೋ ಆದ ಯಾವುದಕ್ಕೂ ಅವಳ ವಿರೋಧವಿಲ್ಲ. ಕೊನೆಗೆ ಕನ್ನೋಲಿ ಎಂಬ ಸಿಹಿ. ಗರಿಗರಿಯಾದ ಕೊಳವೆಯ ಒಳಗೆ ಸಿಹಿ ಚೀಸು ತುಂಬಿಸುವುದು.

"ಚೀಸು ಅಂದ್ರೆ ಹಾಲಿನದ್ದಲ್ವಾ?"

"ಹೌದು. ಹಾಲು ಒಡೆಸಿ, ನೀರು ಬಸಿದು, ಸಕ್ಕರೆ ಹಾಕಿ ನಾದುವುದು."

"ಒಳ್ಳೆ ಹಾಲನ್ನು ಬೇಕಂತಲೇ ಒಡೆಸುವುದು! ಆಯ್ತು, ಅದು ನಿಮ್ಮ ಕಂಪೆನಿಯ ಪದ್ಧತಿ. ಆದ್ರೆ ಮೀನು ತಿಂದ ಬಾಯಿಗೆ ಹಾಲಾ?"

ಕರಾವಳಿಯ ಹೊರಗೆ ಹುಟ್ಟಿದ ಓದುಗರಿಗಾಗಿ ಒಂದು ಮಾತು. ಮೀನು ತಿಂದ ಮೇಲೆ ಹಾಲು ಕುಡಿದರೆ ಮೈಮೇಲೆ ಬಿಳಿ ಕಲೆ ಏಳುತ್ತದೆ ಎಂಬುದು ನಮ್ಮಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ಖಚಿತವಾದ ಸಂಗತಿ. ನಾನು ಎರಡನೆಯ ಕ್ಲಾಸಿನಲ್ಲಿರುವಾಗ ಮಧ್ಯಾಹ್ನ ಬೂತಾಯಿ ಮೀನು ತಿಂದು, ಅದನ್ನು ಮರೆತು, ಪಕ್ಕದ ಮನೆಯಲ್ಲಿ ಪಾಯಸ ಕುಡಿದೆ. ಗಂಟಲಿನಿಂದ ಕೆಳಗಿಳಿದ ಮೇಲೆ ನೆನಪಾಯಿತು. ಆ ವಾರವೆಲ್ಲ ಬೆಳಗಾದ ಕೂಡಲೇ ಕೈಕಾಲು ಪರೀಕ್ಷಿಸಿಕೊಳ್ಳುವುದೇ ನನ್ನ ಕೆಲಸವಾಯಿತು. ಒಂದು ದಿನ ಕನ್ನಡಿ ನೋಡಿದರೆ ಕೆನ್ನೆಯ ಮೇಲೆ ಬೆಳ್ಳಗೆ! ಬೀದಿಗೆ ಕೇಳುವಂತೆ ಕಿರುಚಿದೆ. ಅಕ್ಕ ಓಡಿ ಬಂದು ಸೆರಗಿನಿಂದ ಒರಸಿದಳು. ಅದು ಅವಳೇ ಬೆಳಿಗ್ಗೆ ಹಚ್ಚಿದ ಪೌಡರು.

ಈಗ ನಾನು ಅಷ್ಟು ಭೀರುವಲ್ಲ. ನನ್ನ ಡಾಕ್ಟರರಿಗೆ ಫೋನು ಮಾಡಿ ಕೇಳಿದೆ. ಹಾಗೆಂತದೂ ಇಲ್ಲ, ಧಾರಾಳ ತಿನ್ನಿ ಎಂದು ಅವರು ನಕ್ಕರು. ತೀರ್ಪನ್ನು ಅಕ್ಕನ ಮುಂದಿಟ್ಟೆ.

"ಅವರಿಗೆ ಎಂತ ಗೊತ್ತು?" ಎಂದಳು ಅಕ್ಕ. "ಅವರು ಮೀನೇ ತಿನ್ನುವುದಿಲ್ಲ."

ವೈದ್ಯಶಾಸ್ತ್ರ ಇಷ್ಟು ಸುಲಭವಾಗಿ ಸೋತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಗ ಅಶ್ವಿನಿ ಮೆಲ್ಲಗೆ, "ಇಟಲಿಯವರೂ ಮೀನಿನ ಪಾಸ್ತಾಕ್ಕೆ ಚೀಸು ಹಾಕುವುದಿಲ್ಲಮ್ಮ. ಕೇಳಿದ್ರೆ ಬಯ್ತಾರೆ" ಎಂದಳು.

ಅಕ್ಕ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಅಲ್ಲಿಯೂ ತಿಳಿದವರು ಉಂಟು."

ಆ ಸಣ್ಣ ಬಿರುಕಿನಲ್ಲಿ ನಾನು ಯಜಮಾನನ ಅಧಿಕಾರವನ್ನು ತೂರಿಸಿದೆ. ಉಭಯ ಪಕ್ಷಗಳ ವಾದವನ್ನು ಆಲಿಸಿದ್ದೇನೆಂದೂ, ಸಿಹಿಯನ್ನು ಸಂಜೆ ನಾಲ್ಕಕ್ಕೆ ಚಹಾದ ಹೊತ್ತಿಗೆ ತಿನ್ನತಕ್ಕದ್ದೆಂದೂ, ಮೀನನ್ನು ರಾತ್ರಿ ಎಂಟಕ್ಕೆ ತಿನ್ನತಕ್ಕದ್ದೆಂದೂ, ಎರಡರ ನಡುವೆ ಗಡಿ ಕಾಯಲು ಒಂದೊಂದು ಲೋಟ ಜೀರಿಗೆ ಕಷಾಯವನ್ನು ನಿಯೋಜಿಸತಕ್ಕದ್ದೆಂದೂ ಆಜ್ಞೆ ಹೊರಡಿಸಿದೆ. ಊಟದ ಕೊನೆಗೆ ಬರಬೇಕಾದದ್ದು ಊಟಕ್ಕೆ ನಾಲ್ಕು ತಾಸು ಮೊದಲೇ ಬರುವುದನ್ನು ಕೇಳಿ ಅಶ್ವಿನಿ ನನ್ನನ್ನು ಒಂದು ಥರ ನೋಡಿದಳು. ಆದರೆ ಅಕ್ಕ "ಸರಿ" ಎಂದಳು. ಯಜಮಾನನಾದ ಮೇಲೆ ನನ್ನ ಆಜ್ಞೆಯೊಂದು ಊರ್ಜಿತವಾದದ್ದು ಅದೇ ಮೊದಲು.

ಶನಿವಾರ ನಮ್ಮಲ್ಲಿ ಮೀನಿಲ್ಲ. ಆದ್ದರಿಂದ ಅಡುಗೆಮನೆ ಸಿಹಿಗೆ ಖಾಲಿಯಿತ್ತು. ಹಿಟ್ಟು ಕಲಸಿ ತೆಳ್ಳಗೆ ಲಟ್ಟಿಸಿದ ಮೇಲೆ ಅಶ್ವಿನಿ ಹಣೆಗೆ ಕೈ ಇಟ್ಟುಕೊಂಡಳು. ಹಿಟ್ಟನ್ನು ಸುತ್ತಿ ಎಣ್ಣೆಗೆ ಬಿಡಲು ಲೋಹದ ಕೊಳವೆ ಬೇಕು; ಅವಳ ಕೊಳವೆಗಳೆಲ್ಲ ಹಡಗಿನಲ್ಲಿಯೇ ಉಳಿದಿದ್ದವು. ನಾನು ಸುತ್ತಲೂ ನೋಡಿದೆ. ಚಾವಡಿಯ ಕಿಟಕಿಯಲ್ಲಿ ಸ್ಟೀಲಿನ ಕೋಲು ಬಿಸಿಲಿಗೆ ಹೊಳೆಯುತ್ತಿತ್ತು. ಹೆಂಡತಿ ಮನೆಯಲ್ಲಿರಲಿಲ್ಲ. ಮುಂದಿನದ್ದನ್ನು ವಿವರಿಸುವ ಅಗತ್ಯವಿಲ್ಲ. ಗರಗಸದ ಸದ್ದಿಗೆ ಪಕ್ಕದ ಮನೆಯವರು ಪ್ಲಂಬರ್ ಬಂದಿದ್ದಾನೆಂದು ತಿಳಿದು ತಮ್ಮ ನಲ್ಲಿಯನ್ನೂ ನೋಡಲು ಹೇಳಿ ಕಳಿಸಿದರು ಎಂದರೆ ಸಾಕು.

ತುಂಡುಗಳನ್ನು ಉಜ್ಜಿ ತೊಳೆದು, ಕುದಿಸಿ, ಹಿಟ್ಟು ಸುತ್ತಿ ಕರಿದರೆ ನಿಜಕ್ಕೂ ಬಂಗಾರದ ಬಣ್ಣದ ಕೊಳವೆಗಳು ಬಂದವು. ಅಕ್ಕ ದೂರದಿಂದಲೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು: "ಒಳಗೆ ಎಂತ ಇಲ್ಲದ್ದನ್ನು ಕರಿದು, ಮತ್ತೆ ಒಳಗೆ ತುಂಬಿಸುವುದು ಯಾಕೆ? ಮೊದಲೇ ತುಂಬಿಸಿ ಕರಿದ್ರೆ ಒಂದು ಕೆಲಸ ಕಡಿಮೆ ಆಗ್ತದಲ್ವಾ?" ಅಶ್ವಿನಿ ಮುಂದಿನ ಕೊಳವೆಯನ್ನು ಎಣ್ಣೆಗೆ ಬಿಟ್ಟಳು. ಇಟಲಿಯ ಅಡುಗೆಯವರು ಈ ಪ್ರಶ್ನೆಗೆ ಅವಳನ್ನು ತಯಾರು ಮಾಡಿರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಅಶ್ವಿನಿಯೂ ನಾನೂ ಮೀನಿಗೆ ಹೋದೆವು. ಅಕ್ಕನ ಖಾಯಂ ಮೀನಿನವಳು ಮರುವಾಯಿಯನ್ನು ಬುಟ್ಟಿಗೆ ಹಾಕುತ್ತ, "ಸುನಂದಕ್ಕನಿಗೆ ಹುಷಾರಿಲ್ವಾ, ನೀವು ಬಂದದ್ದು?" ಎಂದು ನನ್ನನ್ನು ಕೇಳಿದಳು. ಹುಷಾರಿದ್ದಾಳೆ, ಇವತ್ತು ಅಕ್ಕ ನಮ್ಮ ಮನೆಗೆ ಬಂದ ಗಿರಾಕಿ ಎಂದೆ. ಅವಳು ಅಶ್ವಿನಿಯನ್ನು ಕನಿಕರದಿಂದ ನೋಡಿ, ಒಂದು ಹಿಡಿ ಸಿಗಡಿ ಹೆಚ್ಚಿಗೆ ಹಾಕಿದಳು.

ನಾಲ್ಕು ಗಂಟೆಗೆ ಸರಿಯಾಗಿ ಕನ್ನೋಲಿ ಬಂತು. ಅಕ್ಕ ಒಂದನ್ನು ಎತ್ತಿಕೊಂಡು ದುರ್ಬೀನಿನಂತೆ ಒಂದು ಕಡೆಯಿಂದ ನೋಡಿದಳು, ಕಚ್ಚಿದಳು. ಕೊಳವೆ ಚಟಕ್ಕನೆ ಒಡೆದು ಪುಡಿ ಸೀರೆಯ ಮೇಲೆಲ್ಲ ಉದುರಿತು. ಪೂರ್ತಿ ತಿಂದಳು. ಸೀರೆಯ ಮೇಲೆ ಬಿದ್ದ ಪುಡಿಯನ್ನೂ ಹೆಕ್ಕಿ ತಿಂದಳು. ಅಭಿಪ್ರಾಯ ಮಾತ್ರ ಹೊರಬರಲಿಲ್ಲ. ಕಷಾಯ ಕುಡಿದು ಎದ್ದು ಹೋದಳು. "ಗಿರಾಕಿ ಮಾತಾಡದಿದ್ರೆ ಹೆದರಿಕೆ ಆಗ್ತದೆ ಮಾಮ" ಎಂದಳು ಅಶ್ವಿನಿ. ಬೊಂಬಾಯಿಯ ಅನುಭವದಿಂದ ಹೇಳುತ್ತೇನೆ, ಮಾತಾಡಿದರೆ ಇನ್ನೂ ಹೆದರಿಕೆಯಾಗುತ್ತದೆ ಎಂದು ನಾನು ಧೈರ್ಯ ತುಂಬಿದೆ.

ಅನಾಹುತ ಆದದ್ದು ಏಳು ಗಂಟೆಯ ಸುಮಾರಿಗೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿದು, ಉಪ್ಪು ಬಿದ್ದು, ಪಾಸ್ತಾ ಅದರೊಳಗೆ ಇಳಿದಿತ್ತು. ಉದ್ದುದ್ದ ಎಳೆಗಳು. ಅಷ್ಟರಲ್ಲಿ ಅಶ್ವಿನಿಯ ಫೋನು ಬಂತು, ಹಡಗಿನ ಆಫೀಸಿನದ್ದು. "ಮಾಮ, ಎಂಟು ನಿಮಿಷ ಆದ ಕೂಡ್ಲೆ ಬಸಿದಿಡಿ. ನೀರು ಚೆಲ್ಲಬೇಡಿ" ಎಂದು ಹೇಳಿ ಅವಳು ಅಂಗಳಕ್ಕೆ ಹೋದಳು. ನಾನು ಗಡಿಯಾರವನ್ನು ಕೈಯಲ್ಲಿ ಹಿಡಿದು, ರಾಕೆಟ್ ಹಾರಿಸುವವನಂತೆ ನಿಂತು, ಸರಿಯಾಗಿ ಬಸಿದೆ. ಜೀವಮಾನದಲ್ಲಿ ನಾನು ಒಲೆಯ ಮುಂದೆ ನಿಂತು ಪೂರೈಸಿದ ಮೊದಲ ಕೆಲಸ. ಹೋಟೆಲು ನಡೆಸಿದವನಿಗೆ ಅಡುಗೆ ಬರುತ್ತದೆ ಎಂದು ಲೋಕ ತಿಳಿದಿದೆ. ನಾನು ಅಲ್ಲಿ ಕೂತದ್ದು ಹಣ ಎಣಿಸುವ ಗಲ್ಲೆಯಲ್ಲಿ, ಒಲೆಗೆ ಬೆನ್ನು ಹಾಕಿ.

ಆಗ ಅಕ್ಕ ಬಂದಳು. ಒಂದು ಎಳೆಯನ್ನು ಎತ್ತಿ ಹಲ್ಲಿನ ನಡುವೆ ಇಟ್ಟು ನೋಡಿದಳು.

"ಬೆಂದಿಲ್ಲ."

"ಎಂಟು ನಿಮಿಷ ಆಯ್ತಕ್ಕ. ಅಷ್ಟೇ ಅಂತೆ."

"ಒಳಗೆ ಕಲ್ಲಿನ ಹಾಗೆ ಉಂಟು ಮಾರಾಯ. ಪಾಪ, ಹುಡುಗಿ ಫೋನಿನ ಗಡಿಬಿಡಿಯಲ್ಲಿ ನೋಡ್ಲಿಲ್ಲ. ಹೀಗೇ ಬಡಿಸಿದ್ರೆ ಅವಳ ಹೆಸರು ಹಾಳು."

ಇಲ್ಲಿ ನೀವು ಅಕ್ಕನ ಜಾಗದಲ್ಲಿ ನಿಂತು ನೋಡಬೇಕು. ಅವಳು ಕುಚ್ಚಲಕ್ಕಿಯ ಹೆಂಗಸು. ನಮ್ಮ ಕೆಂಪು ಕುಚ್ಚಲಕ್ಕಿ ಒಲೆಯ ಮೇಲೆ ಒಂದು ತಾಸು ಕುದಿದರೂ ಇನ್ನೂ ಸ್ವಲ್ಪ ಇರಲಿ ಎನ್ನುವ ಅಕ್ಕಿ. ಎಂಟು ನಿಮಿಷದಲ್ಲಿ ಬೆಂದಿದ್ದೇನೆ ಎಂದು ಹೇಳಿಕೊಳ್ಳುವ ಯಾವ ಧಾನ್ಯವನ್ನೂ ಅವಳು ನಂಬುವವಳಲ್ಲ. ಮಗಳ ಮರ್ಯಾದೆ ಉಳಿಸಬೇಕೆಂಬ ಒಂದೇ ಉದ್ದೇಶದಿಂದ ಅವಳು ಪಾಸ್ತಾವನ್ನು ಮತ್ತೆ ಕುದಿಯುವ ನೀರಿಗೆ ಹಾಕಿ, ಮೇಲೆ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಅರೆಯುವ ಕಲ್ಲನ್ನು ಇಟ್ಟು, ಉರಿ ದೊಡ್ಡ ಮಾಡಿದಳು. ನಾನು ಯಜಮಾನನ ನೆಲೆಯಲ್ಲಿ ಪ್ರತಿಭಟಿಸಿದೆ. ಬೆಳ್ಳುಳ್ಳಿ ಸುಲಿ ಎಂದಳು. ಸುಲಿದೆ.

ಫೋನು ಮುಗಿಸಿ ಬರುವಾಗ ಅಶ್ವಿನಿಗೆ ಸಾಕಷ್ಟು ಹೊತ್ತಾಗಿತ್ತು. ಮುಚ್ಚಳದ ಮೇಲಿನ ಕಲ್ಲನ್ನು ಕಂಡು ಅವಳು ಬಾಗಿಲಲ್ಲಿಯೇ ನಿಂತಳು. ಆಮೇಲೆ ಕಲ್ಲು ಇಳಿಸಿ, ಮುಚ್ಚಳ ತೆಗೆದಳು. ಒಳಗೆ ಎಳೆ ಎಂಬುದಿರಲಿಲ್ಲ. ಕಾಯಿಲೆಯವರಿಗೆ ಕೊಡುವಂಥ, ಬಹಳ ಸಾಧು ಸ್ವಭಾವದ ಒಂದು ಗಂಜಿ ಇತ್ತು.

"ಈಗ ಬೆಂದಿದೆ" ಎಂದಳು ಅಕ್ಕ, ಸಮಾಧಾನದಿಂದ.

ಅಶ್ವಿನಿ ಸೌಟಿನಿಂದ ಒಮ್ಮೆ ಎತ್ತಿ ಬಿಟ್ಟಳು. ಈ ಅಡುಗೆಮನೆಯ ಸಂಪ್ರದಾಯದ ಪ್ರಕಾರ ಅವಳು ಈಗ "ಲಾಯ್ಕ್ ಆಗಿದೆ ಅಮ್ಮ" ಎನ್ನಬೇಕು. ಎಲ್ಲರೂ ಅದನ್ನು ಉಂಡು, ಸೋಮವಾರ ಅವಳು ಹಡಗಿನ ಆಫೀಸಿಗೆ ಬರುತ್ತೇನೆಂದು ಹೇಳಬೇಕು.

"ಅಮ್ಮ, ಹಾಳಾಯ್ತು" ಎಂದಳು ಅಶ್ವಿನಿ.

ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಒಲೆಯ ಮುಂದೆ ನಿಂತವಳಿಗೆ ಆ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

"ಹಾಳಾಯ್ತಾ?" ಅಕ್ಕ ಕೇಳಿದ್ದು ಸಿಟ್ಟಿನಿಂದಲ್ಲ. ಯಾವುದೋ ಹೊಸ ಊರಿನ ಹೆಸರು ಕೇಳಿದವಳ ಹಾಗೆ.

"ಹೌದಮ್ಮ. ಬೆಂದದ್ದು ಹೆಚ್ಚಾಯ್ತು. ಅದು ಹಲ್ಲಿಗೆ ಸ್ವಲ್ಪ ಸಿಗುವ ಹಾಗೇ ಇರಬೇಕು."

ಅಕ್ಕ ಸೌಟನ್ನು ಮಗಳ ಕೈಯಿಂದ ತೆಗೆದುಕೊಂಡಳು, ಸ್ವಲ್ಪ ಬಾಯಿಗೆ ಹಾಕಿಕೊಂಡಳು, ಯೋಚಿಸಿದಳು.

"ಹೌದು" ಎಂದಳು. "ಇದು ಎಂತಕ್ಕೂ ಆಗ್ಲಿಕ್ಕಿಲ್ಲ."

ನಾನು ಲಗುಬಗೆಯಿಂದ ಚಪ್ಪಲಿ ಹುಡುಕಿದೆ. "ಅಂಗಡಿ ತೆರೆದುಂಟು, ಒಂದು ಪ್ಯಾಕೆಟ್ ಈಗ ತರ್ತೇನೆ."

"ಕೂರು ನೀನು. ನಾನು ಹಾಳು ಮಾಡಿದ್ದಕ್ಕೆ ಅಂಗಡಿಯಿಂದ ತರುವುದಾ? ಅಶ್ವಿನಿ, ಅದು ಮೈದಾದ್ದೋ ಗೋಧಿಯದ್ದೋ?"

"ಗೋಧಿಯದ್ದು. ಮೊಟ್ಟೆ ಹಾಕಿಯೂ ಮಾಡ್ತಾರೆ."

"ಹಿಟ್ಟು ಉಂಟು, ಮೊಟ್ಟೆ ಉಂಟು. ನಿನ್ನ ಮಾಮ ಅಟ್ಟಕ್ಕೆ ಹತ್ಲಿ."

ಅಟ್ಟದಿಂದ ನಾನು ಇಳಿಸಿದ್ದು ಶ್ಯಾವಿಗೆ ಒತ್ತುವ ಮಣೆ. ನೋಡದವರಿಗೆ ಹೇಳುತ್ತೇನೆ: ಮೂರು ಕಾಲಿನ ಭಾರಿ ಮರದ ಪೀಠ, ನಡುವೆ ಹಿತ್ತಾಳೆಯ ಕೊಳವೆ, ಮೇಲೆ ತಿರುಪಿನ ಹಿಡಿ. ಕೆಳಗೆ ತೂತಿನ ಬಿಲ್ಲೆ ಹಾಕಿ, ಹಿಟ್ಟು ತುಂಬಿ, ಹಿಡಿ ತಿರುಗಿಸಿದರೆ ಎಳೆ ಇಳಿಯುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಪೀಠದ ಕಾಲುಗಳನ್ನು ತಮ್ಮ ಕಾಲುಗಳಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬರು ತಿರುಗಿಸಬೇಕು, ಮತ್ತೊಬ್ಬರು ಕೆಳಗೆ ಎಳೆ ಹಿಡಿಯಬೇಕು. ಮನೆಯಲ್ಲಿ ಮೂವರು ಮಾತಾಡುವ ಸ್ಥಿತಿಯಲ್ಲಿದ್ದರೆ ಮಾತ್ರ ಶ್ಯಾವಿಗೆ ಆಗುತ್ತದೆ.

ಅಕ್ಕಿಯ ಹಿಟ್ಟಿಗೆ ಪಳಗಿದ ಆ ಮಣೆ ಗೋಧಿ ಹಿಟ್ಟನ್ನು ಕಂಡು ಹಠ ಹಿಡಿಯಿತು. ಅಶ್ವಿನಿ ಹಿಟ್ಟನ್ನು ಕಲ್ಲಿನಂತೆ ಗಟ್ಟಿ ಕಲಸಿದ್ದಳು. ಅಕ್ಕ ದೊಡ್ಡ ತೂತಿನ ಬಿಲ್ಲೆ ಹಾಕಿ, ಸೀರೆ ಸರಿಪಡಿಸಿಕೊಂಡು, ಸ್ಟೂಲಿನ ಮೇಲೆ ಕೂತು ಮಣೆಯ ಕಾಲುಗಳನ್ನು ತುಳಿದು ಹಿಡಿದಳು. ನಾನು ಹಿಡಿಗೆ ನೇತುಬಿದ್ದೆ.

"ಒತ್ತು ಮಾರಾಯ! ಬೊಂಬಾಯಿಯಲ್ಲಿ ಕೂತು ಕೂತು ಕೈ ಬೆಣ್ಣೆ ಆಗಿದೆ ನಿಂದು."

"ಒತ್ತುತ್ತಾ ಇದ್ದೇನಕ್ಕ."

"ಬಾಯಲ್ಲಿ ಒತ್ತಬೇಡ, ಕೈಯಲ್ಲಿ ಒತ್ತು!"

"ಮಾಮ, ಲುಂಗಿ!" ಎಂದು ಅಶ್ವಿನಿ ಕೂಗಿದಳು. ಯಜಮಾನನ ಮಾನ ಆ ಕ್ಷಣದಲ್ಲಿ ಒಂದು ಗಂಟಿನ ಮೇಲೆ ನಿಂತಿತ್ತು. ಒಂದು ಕೈಯಿಂದ ಅದನ್ನು ರಕ್ಷಿಸಿ, ಇನ್ನೊಂದು ಕೈಯಿಂದ ಹಿಡಿಯನ್ನು ಎಳೆದೆ. ಮಣೆ ನರಳಿತು. ನಾನೂ ನರಳಿದೆ. ಅಷ್ಟರಲ್ಲಿ ಬಿಲ್ಲೆಯ ಕೆಳಗೆ ಹಳದಿ ಎಳೆಗಳು ತಲೆ ಹಾಕಿದವು, ಮೆಲ್ಲಗೆ ಉದ್ದವಾದವು. ಅಶ್ವಿನಿ ಅವುಗಳನ್ನು ಮೊರದಲ್ಲಿ ಹಿಡಿದು, ರವೆ ಉದುರಿಸಿ ಬಿಡಿಸುತ್ತ ಹೋದಳು. "ಅಲ್ಲಿಯೂ ಒಂದು ಕಡೆ ಹೀಗೇ ಒತ್ತಿ ಮಾಡ್ತಾರಮ್ಮ, ಹೀಗೇ ಮೇಲೆ ಕೂತುಕೊಂಡು!" ಎಂದಳು. ಅಕ್ಕ ನಕ್ಕಳು. ಅವಳ ನಗುವಿಗೆ ಮಣೆಯ ಕಾಲು ಸಡಿಲಿ, ನಾನು ಹಿಡಿಯ ಜೊತೆಗೆ ಅರ್ಧ ಸುತ್ತು ತಿರುಗಿ ನೆಲದ ಮೇಲೆ ಕೂತೆ. ಇಬ್ಬರೂ ನನ್ನನ್ನು ಎಬ್ಬಿಸುವ ಬದಲು ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಕ್ಕರು.

ಇನ್ನೊಂದು ಒಲೆಯಲ್ಲಿ ಅಶ್ವಿನಿ ಆಲಿವ್ ಎಣ್ಣೆ ಕಾಯಿಸಿದಳು. ಅದು ಹುಟ್ಟಿದ ಮಕ್ಕಳ ಮೈಗೆ ತಿಕ್ಕುವ ಎಣ್ಣೆಯಲ್ಲವಾ ಎಂದು ಅಕ್ಕ ಅನುಮಾನಪಟ್ಟಳಾದರೂ ತಡೆಯಲಿಲ್ಲ. ಬೆಳ್ಳುಳ್ಳಿ, ಒಣಮೆಣಸು, ಟೊಮೆಟೊ. ಮೇಲೆ ಸಿಗಡಿ, ಬಳೆಗಳಂತೆ ಕೊಯ್ದ ಬೊಂಡಾಸ್. ಮರುವಾಯಿ ಹಾಕಿ ಮುಚ್ಚಿದ್ದೇ ತಡ, ಒಳಗೆ ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಡುವ ಟಿಕ್ ಟಿಕ್ ಸದ್ದು. ಹೊಸ ಪಾಸ್ತಾ ಕುದಿಯುವ ನೀರಿಗೆ ಇಳಿಯಿತು. ಅಕ್ಕ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಳು. ಮುಚ್ಚಳದ ಕಡೆಗೆ ಅವಳ ಕೈ ಹೋಗದಂತೆ ಅವಳೇ ಕಟ್ಟಿಹಾಕಿಕೊಂಡಿದ್ದಳೆಂದು ನನಗೆ ತೋರಿತು. ಬಸಿದ ನೀರನ್ನು ಅಶ್ವಿನಿ ಚೆಲ್ಲದೆ, ಒಂದು ಸೌಟು ಬಾಣಲೆಗೆ ಹಾಕಿದಾಗ ಮಾತ್ರ, "ಗಂಜಿಯ ತಿಳಿಯನ್ನು ಚೆಲ್ಲದವರು ಅಂದ್ರೆ ಒಳ್ಳೆ ಮನೆಯವರೇ ಇರಬೇಕು" ಎಂದು ಇಟಲಿಯ ಬಗ್ಗೆ ಎರಡನೆಯ ಸಲ ಒಳ್ಳೆಯ ಮಾತಾಡಿದಳು.

ಚಾವಡಿಯಲ್ಲಿ ಮೇಜಿನ ತಲೆಗೆ ಅಕ್ಕನನ್ನು ಕೂರಿಸಿದೆವು. ಅಶ್ವಿನಿ ಹಡಗಿನಲ್ಲಿ ಮಾಡುವಂತೆ ಎಡಗೈ ಬೆನ್ನಿಗಿಟ್ಟು ಬಡಿಸಿದಳು. ನಾನು ಫೋರ್ಕಿಗೆ ಎಳೆ ಸುತ್ತುವ ಪ್ರಯತ್ನದಲ್ಲಿ ಒಂದು ಮರುವಾಯಿಯನ್ನು ಕಿಟಕಿಯವರೆಗೆ ಹಾರಿಸಿದೆ. ಅಕ್ಕ ಕೈಯಿಂದ ಉಂಡಳು. ಹುಟ್ಟಿದಾಗಿನಿಂದ ಶ್ಯಾವಿಗೆ ಉಂಡ ಬೆರಳುಗಳು. ಒಂದು ಎಳೆಯೂ ಜಾರಲಿಲ್ಲ. ಒಂದು ತುತ್ತು. ಎರಡು ತುತ್ತು. ಸಿಗಡಿ. ಒಂದು ಚಿಪ್ಪನ್ನು ಹೀರಿ ಬದಿಗಿಟ್ಟಳು. ಅಶ್ವಿನಿ ನಿಂತೇ ಇದ್ದಳು, ಬೆನ್ನ ಹಿಂದಿನ ಕೈಯನ್ನು ಮುಷ್ಟಿ ಮಾಡಿಕೊಂಡು.

ಅಕ್ಕ ತಲೆ ಎತ್ತಿದಳು. ಚಾವಡಿಯ ನಾಲ್ಕೂ ಗೋಡೆಗಳನ್ನು, ಮೇಲಿನ ಜಂತಿಯನ್ನು ಒಮ್ಮೆ ನೋಡಿ, ಸ್ಪಷ್ಟವಾಗಿ ಹೇಳಿದಳು:

"ಉಪ್ಪು ಒಂದು ಕಣ ಕಡಿಮೆ."

ಆ ಚಾವಡಿಯಲ್ಲಿ ಆ ಮಾತನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಳಿದವಳು ಅಕ್ಕ.

ಅಶ್ವಿನಿ ಮೇಜಿನ ಮೇಲಿದ್ದ ಉಪ್ಪಿನ ಭರಣಿಯನ್ನು ಅವಳ ಮುಂದೆ ಸರಿಸಿದಳು. "ಹೌದಾ? ಮುಂದಿನ ಸಲ ನೋಡ್ಕೊಳ್ತೇನೆ" ಎಂದು ನಕ್ಕಳು. ಅಷ್ಟೇ. ಅಕ್ಕ ಒಂದು ಚಿಟಿಕೆ ಉದುರಿಸಿಕೊಂಡಳು, ಕಲಸಿದಳು, ಉಣ್ಣುತ್ತ ಹೋದಳು. ನಡುವೆ ಒಮ್ಮೆ ಜಂತಿಯ ಕಡೆ ಕಣ್ಣು ಹಾಯಿಸಿದಳು. ಅದು ಸ್ವಸ್ಥಾನದಲ್ಲಿಯೇ ಇತ್ತು. ತಟ್ಟೆಯಲ್ಲಿ ಕೊನೆಗೆ ಚಿಪ್ಪುಗಳು ಮಾತ್ರ ಉಳಿದವು.

"ಅಮ್ಮ," ಅಶ್ವಿನಿಯ ಸ್ವರ ಈಗ ಹಡಗಿನ ಅಡುಗೆಯವಳದ್ದಾಗಿರಲಿಲ್ಲ. "ನಾಳೆ ಆಫೀಸಿನವರಿಗೆ ನಾನು ಎಂತ ಹೇಳ್ಲಿ?"

ಅಕ್ಕ ತನ್ನ ಎಣ್ಣೆ ಮೆತ್ತಿದ ಬೆರಳುಗಳನ್ನು ನೋಡಿಕೊಂಡಳು.

"ಬಂದವರು ಕೈ ತೊಳೆಯುವುದು ಎಲ್ಲಿ?" ಎಂದು ಕೇಳಿದಳು.

"ಯಾರು ಬಂದವರು?" ಎಂದೆ ನಾನು. ನನಗೆ ಎಲ್ಲವೂ ಸ್ವಲ್ಪ ತಡವಾಗಿಯೇ ತಿಳಿಯುವುದು.

"ಹಿತ್ತಲಿಗೆ ಕಳಿಸ್ಲಿಕ್ಕಾಗುವುದಿಲ್ಲ, ಅಲ್ಲಿ ಪಾಚಿ. ಒಬ್ಬ ಜಾರಿ ಬಿದ್ರೆ ಉಂಡದ್ದು ಯಾರಿಗೂ ನೆನಪಿರುವುದಿಲ್ಲ. ಜಗಲಿಯ ಬದಿಯಲ್ಲಿ ಬೇಸಿನ್ ಹಾಕಿಸಬೇಕು. ನಾಳೆ ಬೆಳಿಗ್ಗೆ ನೀನು ಪ್ಲಂಬರನನ್ನು ಕರಿ. ಎರಡು ಬೇಸಿನ್ ಅಂತ ಹೇಳು."

ಅಶ್ವಿನಿ ಪಕ್ಕದ ಕುರ್ಚಿಯನ್ನು ಎಳೆದು, ಅಂದು ಮೊದಲ ಬಾರಿಗೆ ಕೂತಳು. ಅಮ್ಮನ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡು, ಅದಕ್ಕೇ ಪಾಸ್ತಾ ಬಡಿಸಿಕೊಳ್ಳತೊಡಗಿದಳು. ಅವಳ ಪರವಾಗಿ ನಾನೇ ಮಾತಾಡಿದೆ.

"ಎರಡು ಯಾಕಕ್ಕ? ಒಂದು ಸಾಲದಾ?"

ಅಕ್ಕ ನನ್ನನ್ನು ನೋಡಿದ ನೋಟಕ್ಕೆ ನಾನು ಕಾಲು ಮಡಚಿ ಕೂತೆ.

"ಎಂಟು ಜನ ಒಂದು ನಲ್ಲಿಯ ಮುಂದೆ ಸಾಲು ನಿಲ್ಲುವುದಾ?" ಎಂದಳು. "ನಮ್ಮ ಮನೆಯಲ್ಲಾ?"